ಕಂಡದ್ದು, ಕೇಳಿದ್ದು, ಊಹಿಸಿದ್ದು

ಗುರುವಾರ ರಾತ್ರಿ

ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟಾರ್ಚು, ತಟ್ಟೆ, ಲೋಟ, ಮತ್ತೆ ಎಂಟು ಹಾಳೆ. ತಟ್ಟೆ ಲೋಟ ತನ್ನಿ ಎಂದು ಕಮ್ಮಟದವರೇ ಹೇಳಿದ್ದರು. ಎಂಟು ಹಾಳೆ ನಾನಾಗಿ ಇಟ್ಟುಕೊಂಡದ್ದು. ಕಳೆದ ಮಳೆಗಾಲದಲ್ಲಿ ಬರೆದು, ಹರಿದು, ಮತ್ತೆ ಬರೆದ ನಮ್ಮ ಮನೆಯ ಕಥೆ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದಾಗ, 1964ರಲ್ಲಿ, ನೀರಿನಡಿಗೆ ಹೋದ ಮನೆ. ಅದರ ಮೊದಲ ಸಾಲು ನನಗೆ ಬಾಯಿಪಾಠವಾಗಿಬಿಟ್ಟಿತ್ತು: ‘ಆ ರಾತ್ರಿ ನೀರು ಹೊಸ್ತಿಲು ದಾಟಿ ಒಳಗೆ ಬಂತು.’

ತಾಳಗುಪ್ಪದ ರೈಲು ಬೆಂಗಳೂರು ಬಿಟ್ಟಾಗ ರಾತ್ರಿ ಹನ್ನೊಂದು ದಾಟಿತ್ತು. ಎದುರಿನ ಬರ್ತಿನ ಯಜಮಾನರು ಚಾದರ ಹಾಸುತ್ತಾ “ಎಲ್ಲಿಗೆ?” ಎಂದರು. ಸಾಗರಕ್ಕೆ ಎಂದೆ. “ಮದುವೆಯಾ?” ಮೇ ತಿಂಗಳಲ್ಲಿ ಮಲೆನಾಡಿಗೆ ಹೋಗುವವರನ್ನು ಬೇರೇನು ಕೇಳುತ್ತಾರೆ. ಅಲ್ಲ, ನೆನಪುಗಳನ್ನು ಬರೆಯುವುದು ಹೇಗೆ ಅಂತ ಒಂದು ಕಮ್ಮಟ ಇದೆ, ಮೂರು ದಿನ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಂದೆ ಸಾಯೋವರೆಗೆ ಡೈರಿ ಬರೀತಿದ್ದರು. ಎಲ್ಲಿಟ್ಟಿದೀವೋ” ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಶುಕ್ರವಾರ

ಶಿವಮೊಗ್ಗದಲ್ಲಿ ಬೋಗಿ ಅರ್ಧ ಖಾಲಿಯಾಯಿತು. ಆನಂದಪುರ ದಾಟುವಾಗ ಬೆಳಕು ಹರಿದಿತ್ತು. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು, ಪೇಟೆಗೆ ಬಂದು, ಇಡ್ಲಿ ತಿಂದು, ಹೆಗ್ಗೋಡಿನ ಕಡೆಯ ಬಸ್ಸು ಹತ್ತಿದೆ. ಕಿಟಕಿಯಿಂದ ಹಲಸಿನ ಹಣ್ಣಿನ ವಾಸನೆ. ತೋಟದ ಅಂಚಿನ ಮನೆಗಳ ಅಂಗಳದಲ್ಲೆಲ್ಲ ಚಾಪೆಯ ಮೇಲೆ ಹಪ್ಪಳ.

ಬರೆಯುವ ಕಮ್ಮಟವೊಂದನ್ನು ಇಂಥ ಕಡೆ ಯಾರು ಮಾಡುತ್ತಾರೆ ಎಂದು ಬೆಂಗಳೂರಿನ ಗೆಳೆಯರು ಕೇಳಿದ್ದುಂಟು. ಹೆಗ್ಗೋಡಿನ ಸುತ್ತಲಿನವರಿಗೆ ಅದು ಪ್ರಶ್ನೆಯೇ ಅಲ್ಲ. 1949ರಲ್ಲಿ ಈ ಪುಟ್ಟ ಊರಿನಲ್ಲಿ ನೀನಾಸಮ್ ಹುಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವೆ ನಾಟಕ, ಸಿನಿಮಾ, ಪುಸ್ತಕ ಎಲ್ಲವನ್ನೂ ತಂದು ಕೂರಿಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು, ನಾಟಕ ನೋಡಲು ಹೋಗಿ ಕೂರುವ ಜನ ಇಲ್ಲಿಯವರು. ನಮ್ಮ ಕಮ್ಮಟ ಸಂಸ್ಥೆಯದಲ್ಲ. ಅಕ್ಕಪಕ್ಕದ ಊರುಗಳ ಏಳೆಂಟು ಓದುಗರು ಸೇರಿಕೊಂಡು, ಒಬ್ಬರ ಮನೆಯಲ್ಲೇ ಏರ್ಪಡಿಸಿದ್ದು.

ಹೆಂಚಿನ ಹಳೆಯ ಮನೆ. ಅಂಗಳದಲ್ಲಿ ಅಡಿಕೆ ಒಣಗಿಸಲು ಹಾಕಿದ್ದ ಅಟ್ಟವನ್ನು ಇನ್ನೂ ಇಳಿಸಿರಲಿಲ್ಲ. ಅದರ ನೆರಳಿನಲ್ಲೇ ಚಾಪೆ ಹಾಸಿದ್ದರು. ನಾವು ಇಪ್ಪತ್ತಮೂರು ಜನ. ಒಬ್ಬ ಆಟೋ ಓಡಿಸುವ ಹುಡುಗ, ಇಬ್ಬರು ಅಂಗನವಾಡಿ ಶಿಕ್ಷಕಿಯರು, ತೀರ್ಥಹಳ್ಳಿಯಿಂದ ಬಂದ ಕಾಲೇಜು ಹುಡುಗಿಯರು, ನಿವೃತ್ತರಾದ ಒಬ್ಬ ಅರಣ್ಯ ರಕ್ಷಕರು, ನಾನು. ನಡೆಸಿಕೊಡುವವರು ಬಹಳ ವರ್ಷ ಕನ್ನಡ ಪಾಠ ಹೇಳಿದ ಮೇಡಂ. ಕುರ್ಚಿ ತಂದುಕೊಟ್ಟರೆ ಬೇಡವೆಂದು ನಮ್ಮ ಜೊತೆ ಚಾಪೆಯ ಮೇಲೇ ಕೂತರು.

ಮೊದಲ ಕೆಲಸ: ಬಾಲ್ಯದ ಅಡುಗೆಮನೆಯನ್ನು ಬರೆಯಬೇಕು, ‘ಸುಂದರ’, ‘ಬೆಚ್ಚನೆಯ’, ‘ಮರೆಯಲಾಗದ’ ಎಂಬಂಥ ಒಂದು ಮಾತೂ ಬರಕೂಡದು. ಹದಿನೈದು ನಿಮಿಷ. ನಾನು ಬರೆದದ್ದರಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲ. ಆಟೋ ಓಡಿಸುವ ಹುಡುಗ ಓದಿದ: “ಅಮ್ಮ ಒಲೆ ಮುಂದೆ ಕೂತರೆ ನನಗೆ ಬೆನ್ನು ಕಾಣ್ತಿತ್ತು. ಕುಪ್ಪಸದ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಅಲ್ಲಿ ಸೇಫ್ಟಿ ಪಿನ್ನು. ಪಿನ್ನು ಕಂಡರೆ ನನಗೆ ಹಸಿವಾಗುತ್ತೆ.” ಅಂಗಳ ಗಪ್‌ಚುಪ್ಪಾಯಿತು. ಮೇಡಂ ಏನೂ ವಿಮರ್ಶೆ ಹೇಳಲಿಲ್ಲ. ಇನ್ನೊಂದು ಸಲ ಓದಪ್ಪ ಎಂದರು, ಅಷ್ಟೆ.

ಊಟಕ್ಕೆ ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ಮಾಡಿ, ಇಂಗಿನ ಒಗ್ಗರಣೆ ಕೊಟ್ಟದ್ದು. ಸಾಗರದ ಸೀಮೆಯವರಿಗೆ ಬೇಸಿಗೆ ಎಂದರೆ ಇದು. ನಾಲ್ಕು ಲೋಟ ಕುಡಿದೆ.

ಮಧ್ಯಾಹ್ನದ ಪಾಠವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಮೇಡಂ ಎಲ್ಲರಿಗೂ ಮೂರು ಬಣ್ಣದ ಪೆನ್ನು ಹಂಚಿದರು. ತಂದಿರುವ ಬರಹವನ್ನು ತೆಗೆಯಿರಿ. ನೀವು ಕಣ್ಣಾರೆ ಕಂಡದ್ದರ ಕೆಳಗೆ ನೀಲಿ ಗೆರೆ ಎಳೆಯಿರಿ. ಬೇರೆಯವರಿಂದ ಕೇಳಿದ್ದಕ್ಕೆ ಹಸಿರು. ನೀವು ಊಹಿಸಿಕೊಂಡದ್ದಕ್ಕೆ ಕೆಂಪು. “ಯಾವುದೂ ತಪ್ಪಲ್ಲ. ಆದರೆ ಯಾವುದು ಎಷ್ಟಿದೆ ಅಂತ ಬರೆಯೋರಿಗಾದರೂ ಗೊತ್ತಿರಬೇಕು. ಕಥೆ, ಕಾದಂಬರಿ ಬರೆಯೋರಿಗೆ ಈ ಹಂಗಿಲ್ಲ. ‘ಇದು ನಡೆದದ್ದು’ ಅಂತ ಹೇಳಿ ಬರೆಯೋರಿಗೆ ಇದೆ.”

ನಾನು ಎಂಟು ಹಾಳೆ ತೆಗೆದೆ. ‘ಆ ರಾತ್ರಿ ನೀರು ಹೊಸ್ತಿಲು ದಾಟಿ ಒಳಗೆ ಬಂತು.’ ಪೆನ್ನು ಹಿಡಿದು ಕೂತೆ. ನಾನು ಹುಟ್ಟಿದ್ದು 1967ರಲ್ಲಿ, ಮುಳುಗಡೆಯವರಿಗೆ ಕೊಟ್ಟ ಶಿವಮೊಗ್ಗ ತಾಲ್ಲೂಕಿನ ಜಾಗದಲ್ಲಿ. ಆ ಮನೆಯನ್ನು ನಾನು ನೋಡಿಯೇ ಇಲ್ಲ. ನೀಲಿ ಸಾಧ್ಯವೇ ಇಲ್ಲ. ಹಾಗಾದರೆ ಹಸಿರೆ? ನೀರು ರಾತ್ರಿ ಬಂತೆಂದು ನನಗೆ ಯಾರು ಹೇಳಿದರು? ಅಪ್ಪ ಹೇಳಿದ್ದರೆ? ಅಪ್ಪ ಆ ಮನೆಯ ಬಗ್ಗೆ ಹೇಳುತ್ತಿದ್ದುದು ಎರಡೋ ಮೂರೋ ಮಾತು. ತೋಟ ಎರಡು ಎಕರೆ. ಆರು ದನ. ಬಾಗಿಲು ಹಲಸಿನ ಮರದ್ದು. ‘ರಾತ್ರಿ’ ಎಂಬ ಮಾತು ಅವರ ಬಾಯಿಂದ ಬಂದ ನೆನಪೇ ಇಲ್ಲ. ಕೆಂಪು ಗೆರೆ ಎಳೆದೆ. ಎರಡನೇ ಸಾಲಿಗೂ ಕೆಂಪು. ಹಟ್ಟಿಯಲ್ಲಿ ದನ ಕೂಗಿದ್ದು, ಅವ್ವ ದೀಪ ಹಿಡಿದು ನಿಂತದ್ದು, ಎಲ್ಲ ಕೆಂಪು. ಮೂರು ಹಾಳೆ ಮುಗಿದರೂ ನೀಲಿ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಐದನೇ ಹಾಳೆಯಲ್ಲಿ ಮೊದಲ ನೀಲಿ ಗೆರೆ ಬಿತ್ತು. ಅದು ಬಾಗಿಲಿನ ಬಗ್ಗೆ ಇದ್ದ ಎರಡೇ ಸಾಲು. ಹಳೆ ಮನೆಯಿಂದ ದಾರಂದ ಸಮೇತ ಕಿತ್ತು, ಗಾಡಿಯಲ್ಲಿ ಹೇರಿ ತಂದ ಬಾಗಿಲು ಈಗಲೂ ಅಣ್ಣನ ಮನೆಯಲ್ಲಿದೆ. ಅದನ್ನು ತೆಗೆದು, ಹಾಕಿ, ಅದಕ್ಕೊರಗಿ ಬೆಳೆದವನು ನಾನು. ಎಂಟು ಹಾಳೆಯಲ್ಲಿ ಅದಕ್ಕೆ ಎರಡು ಸಾಲು ಕೊಟ್ಟಿದ್ದೆ.

ಶನಿವಾರ

ಬೆಳಿಗ್ಗೆ ತಿಂಡಿಗೆ ತೆಳ್ಳೇವು. ಆಮೇಲೆ ಒಬ್ಬರು ಅಜ್ಜಿ ಬಂದರು. ಎಂಬತ್ತರ ಮೇಲಿನ ವಯಸ್ಸು, ನೆಟ್ಟಗಿನ ಬೆನ್ನು. ಹಸೆ ಚಿತ್ತಾರ ಬರೆಯುವವರು. ಈ ಸೀಮೆಯ ದೀವರ ಹೆಂಗಸರು ಮದುವೆಮನೆಯ ಗೋಡೆಗೆ ಬರೆಯುವ ಚಿತ್ತಾರ ಇದು. ನಮ್ಮ ಅವ್ವನೂ ಬರೆಯುತ್ತಿದ್ದಳು. ಅಜ್ಜಿ ಬರೆಯುತ್ತಾರೆ, ನೀವು ನೋಡಿ, ಕಂಡದ್ದನ್ನಷ್ಟೇ ಬರೆಯಿರಿ ಎಂದು ಮೇಡಂ ಹೇಳಿದರು.

ಗೋಡೆಗೆ ಮೊದಲೇ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ತೆಂಗಿನ ಚಿಪ್ಪಿನಲ್ಲಿ ನೆನೆಸಿ ರುಬ್ಬಿದ ಅಕ್ಕಿಯ ಬಿಳಿ. ಇನ್ನೊಂದರಲ್ಲಿ ಹುರಿದು ಸುಟ್ಟ ಅಕ್ಕಿಯ ಕಪ್ಪು. ಹಳದಿಗೆ ಗುರಿಗೆ ಕಾಯಿ. ಕುಂಚ ಎಂದರೆ ಪುಂಡಿನಾರಿನ ಸಣ್ಣ ಕಡ್ಡಿ, ತುದಿ ಜಜ್ಜಿದ್ದು. ಅಜ್ಜಿ ಅದನ್ನು ಬಿಳಿಯಲ್ಲಿ ಅದ್ದಿ, ಚಿಪ್ಪಿನ ಅಂಚಿಗೆ ಎರಡು ಸಲ ಒರೆಸಿ, ಗೋಡೆಯ ಮೇಲೆ ಇಟ್ಟರು. ಕೈ ಕದಲಲಿಲ್ಲ, ಮೈ ಕದಲಿತು. ಬಲಗಾಲಿನಿಂದ ಎಡಗಾಲಿಗೆ ಭಾರ ಹೊರಳಿಸುತ್ತಾ, ಇಡೀ ದೇಹದಿಂದಲೇ ಎಳೆ ಎಳೆದರು. ಮೊಳದುದ್ದದ ಗೆರೆ, ನಡುವೆ ಎಲ್ಲೂ ನಿಲ್ಲದೆ. ಅದರ ಪಕ್ಕ ಬೆರಳಗಲ ಬಿಟ್ಟು ಇನ್ನೊಂದು. ಮೂರನೆಯದನ್ನು ಎಳೆಯುವಾಗ ಉಸಿರು ಹಿಡಿದಿದ್ದರು. ಮುಗಿದ ಮೇಲೆ ಬಿಟ್ಟ ಉಸಿರು ನಮಗೆಲ್ಲ ಕೇಳಿಸಿತು.

ಬಿಡುವಿನಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಾಗ ಗೊತ್ತಾಯಿತು, ಅವರದ್ದೂ ಮುಳುಗಡೆಯ ಮನೆ. ಹತ್ತಿರ ಹೋಗಿ ಕೂತೆ. ಎಲ್ಲರೂ ಅಜ್ಜಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಮ್ಮದೂ ಮುಳುಗಡೆ ಅಜ್ಜಿ, ಅದನ್ನೇ ಬರೀತಿದೀನಿ, ಎಂದು ಮೊದಲ ಸಾಲು ಹೇಳಿದೆ.

“ರಾತ್ರಿ ಬಂತು ಅಂತ ಯಾರು ಹೇಳಿದ್ರು ನಿಂಗೆ?”

ಸುಮ್ಮನಿದ್ದೆ.

“ನೀರು ಕಳ್ಳನ ಹಂಗೆ ಬರ್ಲಿಲ್ಲ ತಮ್ಮಾ. ಬರ್ತದೆ ಬರ್ತದೆ ಅಂತ ವರ್ಷಗಟ್ಲೆ ಹೇಳ್ತಾನೇ ಇದ್ರು. ಹೆಂಚು ಇಳಿಸಿದ್ವಿ, ತೊಲೆ ಇಳಿಸಿದ್ವಿ, ಎಣಿಸಿ ಎಣಿಸಿ ಗಾಡಿಗೆ ಹಾಕಿದ್ವಿ. ಬೇಸಿಗೇಲೇ ಬಿಟ್ವಿ. ಮಳೆಗಾಲದಾಗೆ ನೀರು ಏರಿತಂತೆ, ದಿನಾ ಒಂದೊಂದು ಗೇಣು. ನಮ್ಮ ಮನೆ ಮುಳುಗಿದ್ದನ್ನ ನಾನು ನೋಡ್ಲಿಲ್ಲ. ಯಾರೂ ನೋಡ್ಲಿಲ್ಲ. ಆಗ ಅಲ್ಲಿ ಯಾರಿದ್ರು ನೋಡಕೆ?”

ಆಮೇಲೆ ಅವರು ನನ್ನನ್ನು ಕೇಳಿದರು: ದನ ಎಷ್ಟಿತ್ತು? ಆರು ಎಂದೆ. “ಹೆಸರು?”

ನನಗೆ ಒಂದೂ ಗೊತ್ತಿರಲಿಲ್ಲ. ಅಜ್ಜಿ ತಮ್ಮ ಹಟ್ಟಿಯ ಒಂಬತ್ತರ ಹೆಸರನ್ನೂ ಸಾಲಾಗಿ ಹೇಳಿದರು. ಅರವತ್ತು ವರ್ಷದ ಹಿಂದಿನ ದನ. ಯಾವುದು ಒದೆಯುತ್ತಿತ್ತು, ಯಾವುದಕ್ಕೆ ಒಂದು ಕೊಂಬು ಮುರಿದಿತ್ತು, ಅದೂ. “ಅವ್ವ ಇದಾಳನ?” ಇದ್ದಾಳೆ ಎಂದೆ. “ಮತ್ತೆ ನನ್ನೆಂತಕ್ಕೆ ಕೇಳ್ತಿ?”

ಮಧ್ಯಾಹ್ನ ಎಲ್ಲರೂ ಕೆಳದಿಗೆ ಹೋದೆವು. ಕೆಳದಿ ಅರಸರ ಊರು, ರಾಮೇಶ್ವರ ದೇವಸ್ಥಾನ. ಆದರೆ ಮೇಡಂ ಕರೆದೊಯ್ದದ್ದು ವಸ್ತುಸಂಗ್ರಹಾಲಯಕ್ಕೆ, ಓಲೆಗರಿ ಮತ್ತು ಕಡತ ತೋರಿಸಲು. ಕಡತವೆಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬಳಿದು ಬರೆಯುವುದು. ಗೇಣಿ, ಸಾಲ, ಕಂದಾಯದ ಲೆಕ್ಕ. ಮನೆಯ ಕಥೆ ಬರೆಯುವವರು ಮನೆಯ ಕಾಗದವನ್ನೂ ನೋಡಬೇಕು ಎಂಬುದು ಮೇಡಂ ಮಾತು: ಪಹಣಿ, ಮದುವೆ ಕರೆಯೋಲೆ, ಕಿರಾಣಿ ಲೆಕ್ಕ, ಹಳೆಯ ಇನ್‌ಲ್ಯಾಂಡ್ ಲೆಟರು. ಕುವೆಂಪು ಕೂಡ ತಮ್ಮ ಆತ್ಮಕಥೆಯಲ್ಲಿ ನೆನಪನ್ನಷ್ಟೇ ನೆಚ್ಚಿಕೊಳ್ಳದೆ ಹಳೆಯ ದಿನಚರಿಯ ಪುಟಗಳನ್ನೇ ಸೇರಿಸಿದ್ದಾರೆ ಎಂದು ನೆನಪಿಸಿದರು. ನಮ್ಮ ಮನೆಯ ಕಾಗದವೆಂದರೆ ಅಪ್ಪ ಒಂದು ಟ್ರಂಕಿನಲ್ಲಿ ಇಟ್ಟಿದ್ದ ಅರ್ಜಿಗಳ ನಕಲು. ಜಾಗದ ಹಕ್ಕುಪತ್ರಕ್ಕೆ ಕೊಟ್ಟ ಅರ್ಜಿಗಳು. ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಆರು ದಶಕ ಕಳೆದರೂ ಆ ಅಲೆದಾಟ ಮುಗಿದಿಲ್ಲ. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರು, ತಮ್ಮ ಹೆಸರಿನ ಒಂದು ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಅದನ್ನು ನೆನೆದರೆ ನನಗೆ ಈಗಲೂ ಗಂಟಲು ಬಿಗಿಯುತ್ತದೆ.

ರಾತ್ರಿ ಊಟದ ನಂತರ ಜಗಲಿಯಲ್ಲಿ ಒಂದು ದೊಡ್ಡ ವಾದ. ಅಂಗನವಾಡಿ ಶಿಕ್ಷಕಿಯೊಬ್ಬರು ತಮ್ಮ ಅಣ್ಣನ ಕುಡಿತದ ಬಗ್ಗೆ ಬರೆದಿದ್ದರು. ಚೆನ್ನಾಗಿತ್ತು. ಓದಿ ಮುಗಿಸಿದ ಮೇಲೆ, ಇದು ಅಚ್ಚಾದರೆ ಅತ್ತಿಗೆ ತಲೆ ಎತ್ತಿ ಓಡಾಡುವುದು ಹೇಗೆ ಎಂದು ಅವರೇ ಕೇಳಿದರು. ಹೆಸರು ಬದಲಿಸಿ ಎಂದರು ಕೆಲವರು. ಊರಿನವರಿಗೆ ಹೆಸರು ಬೇಕೆ, ಮನೆಯ ಮುಂದಿನ ನೇರಳೆ ಮರ ಸಾಕು ಎಂದರು ಇನ್ನು ಕೆಲವರು. ಸತ್ಯ ಹೇಳಲು ಹೆದರಬಾರದೆಂದು ಹುಡುಗಿಯರು. ಅರಣ್ಯ ರಕ್ಷಕರು ಬಹಳ ಹೊತ್ತು ಕೇಳಿ, “ಸತ್ಯ ಅಣ್ಣಂದು. ಪೆಟ್ಟು ಅತ್ತಿಗೇದು” ಎಂದರು. ಮೇಡಂ ತೀರ್ಪು ಕೊಡಲಿಲ್ಲ. ಬರೆಯುವುದನ್ನು ಪೂರ್ತಿ ಬರೆದು ಮುಗಿಸಿ, ಅಚ್ಚಿಗೆ ಕೊಡುವ ಮುಂಚೆ ಅತ್ತಿಗೆಯ ಎದುರು ಕೂತು ಓದಿ ಎಂದರು. ಆ ಶಿಕ್ಷಕಿ ಬೇಗ ಎದ್ದು ಒಳಗೆ ಹೋದರು. ಅಂಗಳದಲ್ಲಿ ಮಿಣುಕುಹುಳ. ದೂರದಲ್ಲಿ ಒಂದು ಗುಡುಗು, ಮಳೆಯಿಲ್ಲ.

ಭಾನುವಾರ

ಜೀಪು ಮಾಡಿಕೊಂಡು ಅಂಬಾರಗೋಡ್ಲಿನ ಕಡೆ ಹೋದೆವು, ಹಿನ್ನೀರು ನೋಡಲು. ಸಿಗಂದೂರಿಗೆ ಹೋಗುವವರು ವರ್ಷಾನುಗಟ್ಟಲೆ ಇಲ್ಲಿ ಲಾಂಚಿಗೆ ಕಾಯುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ತೆರೆಯಿತು, ಎರಡು ಕಿಲೋಮೀಟರಿಗಿಂತ ಉದ್ದ. ಆಚೆ ದಂಡೆಯ ತುಮರಿ ಕಡೆಯ ಜನ ರಾತ್ರಿಹೊತ್ತು ಬಾಣಂತಿಯನ್ನು ಕರೆತರಲು ಪಟ್ಟ ಪಾಡಿಗೆ ಕೊನೆಗೂ ಒಂದು ದಾರಿಯಾಯಿತು ಎಂದು ಡ್ರೈವರು ಹೇಳಿದ. ಅವನ ದನಿಯಲ್ಲಿ ಸಂತೋಷವಿತ್ತು, ನನಗೂ ಆಯಿತು.

ಸೇತುವೆಯ ಮೇಲೆ ನಿಂತು ನೋಡಿದೆ. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ತುಂಬಿದಾಗ 151 ಟಿಎಂಸಿ ನೀರು. ಬೇಸಿಗೆಯಾದ್ದರಿಂದ ಈಗ ನೀರು ಹಿಂದೆ ಸರಿದು, ದಂಡೆಯುದ್ದಕ್ಕೂ ಕೆಂಪು ಮಣ್ಣಿನ ಪಟ್ಟೆ ಎದ್ದಿತ್ತು. ಅದರಲ್ಲಿ ಅಲ್ಲಲ್ಲಿ ಕಪ್ಪು ಬೊಡ್ಡೆಗಳು. ಅಂದು ಕಡಿದ ಮರಗಳ ಬೊಡ್ಡೆ. ಇನ್ನೂ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟೂ ಕಾಣುತ್ತದೆಂದು ಡ್ರೈವರು ಕೈ ತೋರಿಸಿದ. ಜೋಗದ ವಿದ್ಯುತ್ತಿಗಾಗಿ ಮೊದಲು ಕಟ್ಟಿದ್ದು ಹಿರೇಭಾಸ್ಕರದ ಆ ಕಟ್ಟೆಯನ್ನು. 1964ರಲ್ಲಿ ದೊಡ್ಡ ಕಟ್ಟೆಯ ನೀರು ಅದನ್ನೂ ನುಂಗಿತು.

ನಮ್ಮ ಮನೆ ಯಾವ ದಿಕ್ಕಿಗೆ ಎಂದು ಒಬ್ಬಳು ಹುಡುಗಿ ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ಹಾಗೆಂದು ಹೇಳಲು ನಾಚಿಕೆಯಾಗಲಿಲ್ಲ. ಮೊನ್ನೆಯಾಗಿದ್ದರೆ ಎಲ್ಲೋ ಒಂದು ಕಡೆ ಬೆರಳು ತೋರಿಸಿಬಿಡುತ್ತಿದ್ದೆ.

ಕೆಳಗಿಳಿದು ಮಣ್ಣಿನ ದಂಡೆಯಲ್ಲಿ ಒಂದು ಬೊಡ್ಡೆಯ ಮೇಲೆ ಕೈಯಿಟ್ಟೆ. ಮರವೆನ್ನುವಂತೆ ಇರಲಿಲ್ಲ, ಕಲ್ಲಿನ ಹಾಗೆ ಗಟ್ಟಿ, ಬಿಸಿಲಿಗೆ ಕಾದು ಬಿಸಿ. ಬಿರುಕಿನೊಳಗೆ ಸಣ್ಣ ಸಣ್ಣ ಚಿಪ್ಪು. ಅಲ್ಲೇ ಕೂತು ಹೊಸ ಹಾಳೆ ತೆಗೆದು ಬಾಗಿಲಿನ ಬಗ್ಗೆ ಬರೆಯಲು ಶುರುಮಾಡಿದೆ. ಮೇಲಿನ ಅಡ್ಡಪಟ್ಟಿಯ ಹೂವಿನ ಸಾಲು. ಅದರಲ್ಲಿ ಒಂದು ಹೂವು ಕೆತ್ತದೆ ಬಿಟ್ಟಿರುವುದು. ಅಗಳಿಯ ಕಬ್ಬಿಣ ಮರಕ್ಕೆ ತಗುಲಿ ತಗುಲಿ ಆದ ಅರ್ಧಚಂದ್ರದ ಗುಳಿ. ಚಿಕ್ಕವನಿದ್ದಾಗ ನನ್ನ ಹೆಬ್ಬೆರಳು ಸರಿಯಾಗಿ ಅದರಲ್ಲಿ ಕೂರುತ್ತಿತ್ತು. ಕೆಳಗಿನ ನಾಲ್ಕು ಬೆರಳಗಲ ಕೊಯ್ದಿರುವುದು, ಹೊಸ ಮನೆಯ ಗೋಡೆ ತಗ್ಗಾಗಿದ್ದರಿಂದ. ಮಳೆಗಾಲದಲ್ಲಿ ಅದು ಉಬ್ಬಿ ಕಿರುಗುಟ್ಟುವ ಸದ್ದು ಕೇಳಿದರೆ ಅಪ್ಪ ಬಂದರೆಂದು ಪುಸ್ತಕ ಎತ್ತಿಕೊಳ್ಳುತ್ತಿದ್ದದ್ದು. ಎರಡು ಹಾಳೆ ತುಂಬಿತು. ಎಲ್ಲ ನೀಲಿ.

ಸಂಜೆ ಸಮಾರೋಪ ಎಂದೇನೂ ಇರಲಿಲ್ಲ. ಎಲ್ಲರೂ ಒಂದೊಂದು ಪುಟ ಓದಿ, ಮುರುಗಲ ಪಾನಕ ಕುಡಿದು, ಚಾಪೆ ಸುತ್ತಿಟ್ಟೆವು. ಮೇಡಂ ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ‘ದನದ ಹೆಸರು?’

ಸೋಮವಾರ

ಬೆಂಗಳೂರಿನ ಟಿಕೆಟ್ ರದ್ದು ಮಾಡಿ, ಸಾಗರದಿಂದ ಬೆಳಗಿನ ಬಸ್ಸಿಗೆ ಹೊರಟು ಅಣ್ಣನ ಮನೆ ಸೇರಿದಾಗ ಹನ್ನೊಂದಾಗಿತ್ತು. ಅಣ್ಣ ಗದ್ದೆ ಕಡೆ ಹೋಗಿದ್ದ. ಅತ್ತಿಗೆ, “ಹೇಳದೇ ಬಂದ್ರಲ್ಲ ಭಾವ, ಮೀನಾದ್ರೂ ತರಿಸ್ತಿದ್ದೆ” ಎಂದು ಒಳಗೆ ಹೋದರು. ಅವ್ವ ಬಾಗಿಲ ಪಕ್ಕದಲ್ಲೇ ಕಾಲು ಚಾಚಿ ಕೂತು ಬತ್ತಿ ಹೊಸೆಯುತ್ತಿದ್ದಳು. ಎಂಬತ್ತನಾಲ್ಕು ವಯಸ್ಸು. ಕಣ್ಣು ಮಂಜು, ಕಿವಿ ಚುರುಕು.

ಅರ್ಧಚಂದ್ರದ ಗುಳಿಗೆ ಹೆಬ್ಬೆರಳಿಟ್ಟು ನೋಡಿದೆ. ಈಗ ಹಿಡಿಸುವುದಿಲ್ಲ. ಕೆತ್ತದೆ ಬಿಟ್ಟ ಹೂವು ಎಡದಿಂದ ನಾಲ್ಕನೆಯದು. ನಾನು ಐದನೆಯದೆಂದು ಬರೆದಿದ್ದೆ. ತಿದ್ದಿಕೊಂಡೆ.

“ಅವ್ವಾ, ಒಂದು ಬರೆದಿದೀನಿ, ಓದ್ಲಾ?”

“ಓದು.”

ಬಾಗಿಲಿನ ಭಾಗ ಓದಿದೆ. ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು. ನಡುವೆ ಒಂದು ಕಡೆ ‘ಹ್ಞೂಂ’ ಎಂದಳು. ಗಾಡಿಯಲ್ಲಿ ಬಾಗಿಲು ಹೇರಿಕೊಂಡು, ಆರು ದನ ಹೊಡೆದುಕೊಂಡು ಬಂದರು ಎಂಬಲ್ಲಿಗೆ ಬಂದಾಗ ಕೈ ನಿಂತಿತು.

“ಎಷ್ಟು ಅಂದೆ?”

“ಆರು. ಅಪ್ಪ ಯಾವಾಗ್ಲೂ ಆರು ಅಂತಿದ್ರಲ್ಲ.”

“ಏಳು. ಕೆಂದೀನ ಬಿಟ್ರು ನಿಮ್ಮಪ್ಪ.”

ಅವ್ವ ಹೇಳಿದ್ದಿಷ್ಟು. ಇಲ್ಲಿಗೆ ಬಂದು ಹದಿನೈದು ದಿನವಾಗಿರಬಹುದು. ಒಂದು ಬೆಳಿಗ್ಗೆ ಕೆಂದಿ ಹಗ್ಗ ಹರಿದುಕೊಂಡು ಹೋಗಿತ್ತು. ಗಬ್ಬದ ದನ. ಹಳೆ ಮನೆಗೇ ಹೋಗಿರುತ್ತದೆಂದು ಅಪ್ಪ ಬೆನ್ನುಹತ್ತಿ ಹೋದರು, ಅಷ್ಟು ದೂರ, ನಡೆದೇ. ಐದನೇ ದಿನಕ್ಕೆ ಒಬ್ಬರೇ ಬಂದರು. ಹೆಂಚಿಲ್ಲದ ಗೋಡೆ ಹಾಗೇ ನಿಂತಿತ್ತಂತೆ. ತೋಟದ ಕೆಳಗಿನ ಸಾಲಿನವರೆಗೆ ನೀರು ಬಂದಿತ್ತಂತೆ. ಹಟ್ಟಿಯಲ್ಲಿ ಹಸಿ ಸಗಣಿ ಇತ್ತಂತೆ.

“ದನ?”

“ಕಾಣ್ಲಿಲ್ಲ ಅಂದ್ರು. ಆಮೇಲೆ ಯಾರ ಕೇಳಿದ್ರೂ ಆರು ಅನ್ನಕೆ ಶುರು ಮಾಡಿದ್ರು. ನಾನೂ ಸುಮ್ನಾದೆ.”

ಅವ್ವ ಮತ್ತೆ ಹತ್ತಿ ಎಳೆದುಕೊಂಡಳು. ಉಳಿದ ಆರರ ಹೆಸರನ್ನು ಒಂದೊಂದಾಗಿ ಕೇಳಿದೆ, ಒಂದೊಂದಾಗಿ ಹೇಳಿದಳು. ಬೆಳ್ಳಿ, ಚುಕ್ಕಿ, ಗೌರಿ, ಕಾಳಿ, ಎತ್ತು ಎರಡು: ರಾಮ, ದೊಡ್ಡ. ಮೂರು ಪೆನ್ನು ಜೇಬಿನಲ್ಲೇ ಇದ್ದವು. ಹಸಿರಿನದನ್ನು ತೆಗೆದು, ‘ಆರು’ ಹೊಡೆದುಹಾಕಿ, ಮೇಲೆ ‘ಏಳು’ ಎಂದು ಬರೆದೆ. ಅತ್ತಿಗೆ ಊಟಕ್ಕೆ ಕರೆದರು.